1742ರ ಪಾಮ್‌ಫ್ರೆಟ್ ಸಾವು: ಕತೆ ಯಾರ ಬಾಯಲ್ಲಿ ಹೇಳಿಸಲಿ?

ಡೊಂಬಿವಲಿ ಕತೆಗಾರ್ತಿ:
ನಮ್ಮ ಸಂಘದ ದೀಪಾವಳಿ ಸಂಚಿಕೆಗೆ ಒಂದು ಐತಿಹಾಸಿಕ ಕತೆ ಬರೆಯುತ್ತಿದ್ದೇನೆ. ಅಮೆರಿಕ ಇನ್ನೂ ಬ್ರಿಟಿಷರ ಕೈಯಲ್ಲಿದ್ದ ಕಾಲ, ಕನೆಕ್ಟಿಕಟ್‌ನ ಪಾಮ್‌ಫ್ರೆಟ್ ಎಂಬ ಊರು. ಸಾರಾ ಗ್ರೋವ್ನರ್ ಅಂತ 19ರ ಹುಡುಗಿ ಮದುವೆಗೆ ಮುಂಚೆ ಬಸುರಿಯಾಗುತ್ತಾಳೆ. ಅಮಾಸಾ ಸೆಷನ್ಸ್ ಎಂಬ ಅವಳ ಗೆಳೆಯ ಮದುವೆಯಾಗುವ ಬದಲು ಜಾನ್ ಹ್ಯಾಲೊವೆಲ್ ಎಂಬ ವೈದ್ಯನಿಂದ ಗರ್ಭ ಇಳಿಸುವ ಪುಡಿ ತಂದುಕೊಡುತ್ತಾನೆ, ಅದು ಕೆಲಸ ಮಾಡದಿದ್ದಾಗ ವೈದ್ಯನೇ ಬಂದು ಕೈಯಿಂದ ಗರ್ಭ ತೆಗೆಯಲು ನೋಡುತ್ತಾನೆ. ಗರ್ಭ ಹೋಯಿತು. ಆಮೇಲೆ ಜ್ವರ ಹತ್ತಿ ಸೆಪ್ಟೆಂಬರ್‌ನಲ್ಲಿ ಹುಡುಗಿಯೂ ಹೋದಳು. ಸಹೋದರಿ ಜೆರ್ವಾಯಾಗೆ ಎಲ್ಲ ಗೊತ್ತಿತ್ತು, ಆದರೂ ವಿಚಾರಣೆ ಶುರುವಾಗಿದ್ದು 1745ರಲ್ಲಿ! ಪತ್ತೇದಾರಿ ಕತೆ ಥರ ಬರೆಯೋಣ ಅಂದರೆ ಗುಟ್ಟು ಊರಲ್ಲಿ ಹಲವರಿಗೆ ಗೊತ್ತಿರೋದೇ. ಓದುಗರನ್ನು ಎಲ್ಲಿ ಹಿಡಿದಿಡೋದು?

ಕೋಥ್‌ರೂಡ್ ರಾವ್:
ಮೇಡಂ, ಮಾಡಿದವರು ಯಾರು ಅಂತ ಮೊದಲ ಪುಟದಲ್ಲೇ ಹೇಳಿಬಿಡಿ. ಮೂರು ವರ್ಷ ಸುಮ್ಮನಿದ್ದವರು ಯಾಕೆ ಬಾಯಿ ಬಿಟ್ಟರು ಅನ್ನೋದೇ ಕತೆ. ಇನ್ನೊಂದು ವಿಷಯ. ಆಗಿನ ಇಂಗ್ಲಿಷ್ ಕಾನೂನಿನಲ್ಲಿ ಮಗು ಹೊಟ್ಟೆಯಲ್ಲಿ ಆಡುವ ಮುಂಚೆ ಗರ್ಭ ತೆಗೆಸಿದರೆ ಅಪರಾಧ ಅಲ್ಲ, ಕನೆಕ್ಟಿಕಟ್ ಇದಕ್ಕೆ ಅಂತ ಕಾನೂನು ತಂದಿದ್ದು 1821ರಲ್ಲಿ. ಹಾಗಾಗಿ ನಿಮ್ಮ ಪಾತ್ರಗಳು 'ಭ್ರೂಣಹತ್ಯೆ' ಅಂತ ಕೂಗಾಡಿದರೆ ಅದು ಇವತ್ತಿನ ಟಿವಿ ಚರ್ಚೆ ಆಗುತ್ತೆ. ಅಂದಹಾಗೆ ಮಗು ಆಡುವ ಮುಂಚೆ, ಆಮೇಲೆ ಅನ್ನೋ ಆ ಗೆರೆ ನಮ್ಮ ಕಡೆಗೂ ಬಂತು: 1860ರ ದಂಡಸಂಹಿತೆಯ 312ನೇ ಕಲಮಿನಲ್ಲಿ ಗರ್ಭ ತೆಗೆಸಿದರೆ ಮೂರು ವರ್ಷ, ಮಗು ಆಡುತ್ತಿದ್ದರೆ ಏಳು ವರ್ಷದವರೆಗೆ ಜೈಲು ಇತ್ತು.

ಮಡಗಾಂವ್ ಶಾಂತಕ್ಕ:
ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದವಳು ನಾನು, ಆ ಲೆಕ್ಕದಲ್ಲಿ ಹೇಳ್ತೀನಿ. ಅವಳನ್ನು ಒಂದೇ ರಾತ್ರಿಯಲ್ಲಿ ಸಾಯಿಸಬೇಡಿ. ಗರ್ಭ ಹೋದ ಮೇಲೆ ಕೆಲವು ದಿನ ಅವಳು ಚೆನ್ನಾಗಿಯೇ ಇದ್ದಳು, ಎದ್ದು ಓಡಾಡಿದಳು, ಎಲ್ಲರೂ ಗಂಡಾಂತರ ಕಳೆಯಿತು ಅಂದುಕೊಂಡಿರಬೇಕು. ನಂಜು ಏರಿದ್ದು ಆಮೇಲೆ. ವೈದ್ಯ ಕೈ ತೊಳೆಯೋ ದೃಶ್ಯ ಮಾತ್ರ ದಯವಿಟ್ಟು ಬೇಡ! ವಿಯೆನ್ನಾದಲ್ಲಿ ಸೆಮೆಲ್‌ವೈಸ್ ಎಂಬ ಹೆರಿಗೆ ವೈದ್ಯ ಕೈ ತೊಳೆಯಿರಿ ಅಂತ ಹೇಳಿದ್ದೇ 1847ರಲ್ಲಿ, ಅದನ್ನೂ ಡಾಕ್ಟರುಗಳು ಕೇಳಲಿಲ್ಲ. ಆ ಕೋಣೆಯಲ್ಲಿ ಕೂತಿದ್ದವಳು ಜೆರ್ವಾಯಾ ಅಲ್ವಾ, ಅವಳೇ ಹೇಳಲಿ.

ಮಾಟುಂಗಾ ಓದುಗ:
ಅಮೆರಿಕಕ್ಕೆ ಯಾಕೆ ಹೋಗಬೇಕು? ಪುಣೆಯಲ್ಲೇ ಇದೆಯಲ್ಲ. 1863ರಲ್ಲಿ ಫುಲೆ ದಂಪತಿ ವಿಧವೆಯರ ಗುಟ್ಟಿನ ಹೆರಿಗೆಗೆ ತಮ್ಮ ಮನೆ ಬಾಗಿಲು ತೆರೆದಿದ್ದು ಇಂಥದ್ದನ್ನು ನೋಡಿಯೇ.

ಡೊಂಬಿವಲಿ ಕತೆಗಾರ್ತಿ:
ಪುಣೆ ಅಂತ ಬರೆದರೆ ನಮ್ಮ ಸಂಘದವರು ಕತೆ ಬಿಟ್ಟು ಯಾವ ಜಾತಿ, ಯಾರ ಮನೆ ಅಂತ ಹುಡುಕುತ್ತಾರೆ ಸಾರ್! ಶಾಂತಕ್ಕ, ಆ ನಡುವಿನ ದಿನಗಳು ನನಗೆ ಹೊಳೆದೇ ಇರಲಿಲ್ಲ, ಕತೆ ಅಲ್ಲಿಂದಲೇ ಶುರು, ಜೆರ್ವಾಯಾ ಬಾಯಲ್ಲೇ. ಕೊನೆ ಇನ್ನೂ ಕಗ್ಗಂಟು. 1747ರಲ್ಲಿ ಹ್ಯಾಲೊವೆಲ್‌ಗೆ ಕೊರಳಿಗೆ ಹಗ್ಗ ಹಾಕಿ ಎರಡು ಗಂಟೆ ಗಲ್ಲುಗಂಬದ ಹತ್ತಿರ ನಿಲ್ಲಿಸಿ 29 ಛಡಿ ಏಟು ಅಂತ ಶಿಕ್ಷೆ ಆಯಿತು, ಆಸಾಮಿ ರೋಡ್ ಐಲೆಂಡ್‌ಗೆ ಪರಾರಿ. ಸೆಷನ್ಸ್‌ಗೆ ಶಿಕ್ಷೆಯೇ ಇಲ್ಲ, ಅದೇ ಊರಲ್ಲಿ ಮರ್ಯಾದಸ್ಥನಾಗಿ ಬಾಳಿದ. ಅವನೂ ಜೆರ್ವಾಯಾಳೂ ಎದುರಾಗುವ ದೃಶ್ಯ ಕಲ್ಪಿಸಿ ಬರೆದರೆ ಜಾಸ್ತಿ ಆಗುತ್ತಾ, ರಾವ್ ಅವರೇ?