ಅಜ್ಜಿಯ ಜನನ ದಾಖಲೆಯಲ್ಲಿ ತಂದೆಯ ಹೆಸರಿಲ್ಲ, ಎಲ್ಲಿಂದ ಹುಡುಕಲಿ?

ಪ್ರಶ್ನೆ: ನಮಸ್ಕಾರ ಮೇಡಂ. ನನ್ನ ಅಪ್ಪನ ತಾಯಿ ಮದುವೆಯಾಗದ ಹೆಣ್ಣುಮಗಳಿಗೆ ಹುಟ್ಟಿದವರು. ಜನನ ಪತ್ರದಲ್ಲಿ ತಂದೆಯ ಹೆಸರಿನ ಜಾಗ ಖಾಲಿ. ಅಜ್ಜಿ ಈಗಿಲ್ಲ. ಅಪ್ಪ, ಸೋದರತ್ತೆ ಇದ್ದಾರೆ. ನಾನು ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಆ ಮುತ್ತಜ್ಜ ಯಾರು ಅಂತ ಗೊತ್ತಾಗುತ್ತಾ?

ಉತ್ತರ (ವಂಶಾವಳಿ ಸಂಶೋಧಕಿ): ಗೊತ್ತಾಗುವ ಸಾಧ್ಯತೆ ಇದೆ. ಆದರೆ ನಿಮಗಿಂತ ಮೊದಲು ಅಪ್ಪ ಮಾಡಿಸಲಿ. ಆ ಅಜ್ಞಾತ ವ್ಯಕ್ತಿಯ ಡಿಎನ್‌ಎ ನಿಮ್ಮ ಅಪ್ಪನಲ್ಲಿ ಸುಮಾರು 25 ಶೇಕಡಾ ಇರುತ್ತದೆ, ನಿಮ್ಮಲ್ಲಿ ಸುಮಾರು 12.5 ಅಷ್ಟೇ. ಅತ್ತೆಯೂ ಒಪ್ಪಿದರೆ ಇನ್ನೂ ಒಳ್ಳೆಯದು. ಅಜ್ಜಿಯಿಂದ ಅಪ್ಪನಿಗೆ ಬಂದ ಅರ್ಧ, ಅತ್ತೆಗೆ ಬಂದ ಅರ್ಧ ಪೂರ್ತಿ ಒಂದೇ ಆಗಿರುವುದಿಲ್ಲ. ಇಬ್ಬರನ್ನೂ ಸೇರಿಸಿದರೆ ಸುಮಾರಾಗಿ ಅಜ್ಜಿಯ ಡಿಎನ್‌ಎಯ ಮುಕ್ಕಾಲು ಭಾಗ ಸಿಕ್ಕಂತೆ. ಯಾರಾದರೂ ಬೇಡ ಅಂದರೆ ಮಾತ್ರ ಬಲವಂತ ಮಾಡಬೇಡಿ. ಇದು ಅವರ ತಾಯಿಯ ವಿಷಯ.

ಫಲಿತಾಂಶ ಬಂದಾಗ ಯಾವ ಪ್ರದೇಶದ ಮೂಲ ಎಷ್ಟು ಶೇಕಡಾ ಅನ್ನುವ ನಕ್ಷೆ ಕಾಣುತ್ತದೆ. ಅದರ ಹಿಂದೆ ಹೋಗಬೇಡಿ, ಅದರಿಂದ ಹೆಸರು ಸಿಗುವುದಿಲ್ಲ. ನೋಡಬೇಕಾದದ್ದು ಹೊಂದಿಕೆಯಾದ ಸಂಬಂಧಿಕರ ಪಟ್ಟಿ, ಅಂದರೆ ಪರೀಕ್ಷೆ ಮಾಡಿಸಿದ ಬೇರೆಯವರಲ್ಲಿ ಯಾರ ಡಿಎನ್‌ಎ ಅಪ್ಪನದರ ಜೊತೆ ಭಾಗಶಃ ಒಂದೇ ಆಗಿದೆಯೋ ಅವರ ಪಟ್ಟಿ. ಮೊದಲು ನಿಮ್ಮ ತಾತನ (ಅಪ್ಪನ ಅಪ್ಪನ) ಕಡೆಯವರನ್ನು ಗುರುತಿಸಿ ಪಕ್ಕಕ್ಕಿಡಿ. ಆಮೇಲೆ ಅಜ್ಜಿಯ ತಾಯಿಯ ಕಡೆಯವರನ್ನು. ಆ ಕಡೆಯ ದಾಯಾದಿ ಒಬ್ಬರು ಪರೀಕ್ಷೆ ಮಾಡಿಸಿದರೆ ಈ ಕೆಲಸ ಬಹಳ ಹಗುರ. ಈ ಎರಡೂ ಗುಂಪಿಗೆ ಸೇರದೆ, ತಮ್ಮತಮ್ಮಲ್ಲೇ ಹೊಂದಿಕೆಯಾಗುವ ಗುಂಪೊಂದು ಉಳಿಯುತ್ತದೆ ಅಲ್ವಾ? ನಿಮ್ಮ ಮುತ್ತಜ್ಜ ಅಲ್ಲೇ ಇರುತ್ತಾರೆ.

ಆ ಗುಂಪಿನವರ ವಂಶವೃಕ್ಷಗಳನ್ನು ನೀವೇ ಹಿಂದಕ್ಕೆ ಕಟ್ಟಬೇಕು. ಎಲ್ಲರಿಗೂ ಸಮಾನವಾದ ಹಿರಿಯ ದಂಪತಿ ಸಿಕ್ಕ ಮೇಲೆ ಮತ್ತೆ ಕೆಳಗೆ ಇಳಿದು ಬನ್ನಿ. ಮುತ್ತಜ್ಜನಿಗೆ ಬೇರೆ ಮಕ್ಕಳಿದ್ದರೆ, ಆ ಮಕ್ಕಳ ಮಕ್ಕಳು ನಿಮ್ಮ ಅಪ್ಪನ ಜೊತೆ ಸರಾಸರಿ 450 ಸೆಂಟಿಮಾರ್ಗನ್‌ನಷ್ಟು (ಇದು ಹಂಚಿಕೊಂಡ ಡಿಎನ್‌ಎಯ ಅಳತೆ) ಹೊಂದುತ್ತಾರೆ. ಮುತ್ತಜ್ಜನ ಅಣ್ಣತಮ್ಮಂದಿರ ಮೊಮ್ಮಕ್ಕಳಾದರೆ ಸುಮಾರು 230. ಒಂದೇ ಸಂಖ್ಯೆ ಬೇರೆ ಬೇರೆ ಸಂಬಂಧಕ್ಕೂ ಬರುತ್ತದೆ, ಹಾಗಾಗಿ ಒಬ್ಬರನ್ನು ನೋಡಿ ತೀರ್ಮಾನ ಬೇಡ.

ಕಾಗದವನ್ನೂ ಬಿಡಬೇಡಿ. ಸಾರಾಂಶ ಪ್ರತಿ ಸಾಲದು, ಜನನ ನೋಂದಣಿಯ ಪೂರ್ತಿ ನಕಲು ತೆಗೆಸಿ. ಮಾಹಿತಿ ಕೊಟ್ಟವರು ಯಾರು, ವಿಳಾಸ ಯಾವುದು ನೋಡಿ. ಹುಟ್ಟಿದ ದಿನದಿಂದ ಸುಮಾರು 38 ವಾರ ಹಿಂದೆ ಎಣಿಸಿ. ಗರ್ಭ ನಿಂತ ಆ ಹೊತ್ತಿಗೆ ತಾಯಿ ಎಲ್ಲಿದ್ದರು, ಯಾರ ಮನೆಯಲ್ಲಿ ಕೆಲಸಕ್ಕಿದ್ದರು? ಡಿಎನ್‌ಎ ತೋರಿಸಿದ ಕುಟುಂಬ ಅದೇ ಊರಲ್ಲಿತ್ತು ಅಂತ ತಿಳಿದರೆ ದಾರಿ ಸರಿಯಿದೆ ಅನ್ನಬಹುದು. ಮಗುವಿನ ಜೀವನಾಂಶಕ್ಕಾಗಿ ತಾಯಿ ನ್ಯಾಯಾಲಯಕ್ಕೆ ಹೋಗಿದ್ದರೆ ಆ ಕಡತದಲ್ಲಿ ಹೆಸರೇ ಇರಬಹುದು. ಅಜ್ಜಿಯ ಮದುವೆ ದಾಖಲೆಯಲ್ಲಿ ತಂದೆಯ ಹೆಸರು ಬರೆದಿದ್ದರೂ ಎಚ್ಚರ. ಅದು ಮಲತಂದೆಯದ್ದೋ, ಮುಜುಗರ ತಪ್ಪಿಸಲು ಬರೆಸಿದ್ದೋ ಆಗಿರಬಹುದು.

ಇನ್ನೊಬ್ಬ ಸದಸ್ಯರ ಪ್ರಶ್ನೆ: ನನ್ನದೂ ಇದೇ ಕಥೆ, ಆದರೆ ತಂದೆ ಯಾರೆಂದು ಗೊತ್ತಿಲ್ಲದವರು ನನ್ನ ಅಮ್ಮನ ಅಪ್ಪ. ವೈ ಕ್ರೋಮೋಸೋಮ್ ಪರೀಕ್ಷೆ ಉಪಯೋಗವೇ?

ಉತ್ತರ: ಉಪಯೋಗ ಇದೆ, ಆದರೆ ನಿಮ್ಮಿಂದ ಆಗಲ್ಲ. ವೈ ಅನ್ನುವ ಡಿಎನ್‌ಎ ಭಾಗ ತಂದೆಯಿಂದ ಮಗನಿಗಷ್ಟೇ ಹೋಗುತ್ತದೆ, ನಿಮ್ಮ ಅಮ್ಮನಿಗೆ ಅದು ಬಂದೇ ಇಲ್ಲ. ಸೋದರಮಾವ ಅಥವಾ ಅವರ ಮಗ ಮಾಡಿಸಬೇಕು. ಮೊದಲ ಪ್ರಶ್ನೆ ಕೇಳಿದವರಿಗೆ ವೈ ಕೆಲಸಕ್ಕೆ ಬಾರದು, ಅಲ್ಲಿರುವುದು ಅಜ್ಜಿ. ಅವರಿಗೆ ಎಕ್ಸ್ ಕ್ರೋಮೋಸೋಮ್ ಸಹಾಯ ಮಾಡುತ್ತದೆ. ಅಪ್ಪನ ಎಕ್ಸ್ ಪೂರ್ತಿ ಅಜ್ಜಿಯಿಂದಲೇ ಬಂದದ್ದು, ಹಾಗಾಗಿ ಅದರಲ್ಲಿ ಚೆನ್ನಾಗಿ ಹೊಂದುವವರು ತಾತನ ಕಡೆಯವರಲ್ಲ.

ಮೊದಲು ಕೇಳಿದವರು: ಹತ್ತಿರದ ಹೊಂದಿಕೆ ಸಿಕ್ಕರೆ ಏನಂತ ಬರೆಯಲಿ ಮೇಡಂ?

ಉತ್ತರ: ಮೊದಲ ಸಂದೇಶದಲ್ಲೇ "ನಿಮ್ಮ ಅಜ್ಜ ನಮ್ಮ ಮುತ್ತಜ್ಜ" ಅಂತ ಬರೆಯಬೇಡಿ. "ನಾವು ಹೊಂದಿಕೆಯಾಗಿದ್ದೇವೆ, ಅಜ್ಜಿಯ ಮನೆತನ ಹುಡುಕುತ್ತಿದ್ದೇನೆ, ನಿಮ್ಮ ಹಿರಿಯರು ಯಾವ ಊರವರು?" ಅಂತ ಕೇಳಿ, ಸಾಕು. ಅವರಿಗೆ ಇದು ಹೊಸ ಸುದ್ದಿ ಆಗಿರಬಹುದು. ಮುತ್ತಜ್ಜಿಗೆ ಇಷ್ಟವಿಲ್ಲದೆ ನಡೆದದ್ದೂ ಆಗಿರಬಹುದು, ಅದಕ್ಕೆ ಅಪ್ಪನೂ ಮನಸ್ಸು ಗಟ್ಟಿ ಮಾಡಿಕೊಂಡಿರಲಿ. ಸುಳಿವು ಒಂದೇ ಮನೆಯ ಅಣ್ಣತಮ್ಮಂದಿರ ಮೇಲೆ ನಿಂತರೆ, ಅವರಲ್ಲಿ ಯಾರು ಅಂತ ಹೇಳಲು ಅವರವರ ನೇರ ವಂಶದವರೇ ಪರೀಕ್ಷೆ ಮಾಡಿಸಬೇಕಾಗುತ್ತದೆ. ಅವರು ಉತ್ತರ ಕೊಡದಿದ್ದರೆ ಕೆಲವು ತಿಂಗಳು ಬಿಟ್ಟು ಇನ್ನೊಮ್ಮೆ ಬರೆಯಿರಿ, ಅಷ್ಟೇ.