ಅಪ್ಪನಿಲ್ಲದ ಮೊದಲ ಕ್ರಿಸ್ಮಸ್: ಕಥೆಯಲ್ಲಿ ಭರವಸೆಯನ್ನು ಹೇಗೆ ತರುವುದು?

ಪಯಸ್ವಿನಿ (ಪ್ರಶ್ನೆ):

ಡಿಸೆಂಬರ್ ವಿಶೇಷಾಂಕಕ್ಕೆ 1,800 ಪದಗಳೊಳಗೆ ಒಂದು ಕಥೆ ಬರೆಯುತ್ತಿದ್ದೇನೆ. ಕಾಸರಗೋಡಿನ ಬೇಳ ಕಡೆಯ ಕೊಂಕಣಿ ಕ್ರೈಸ್ತರ ಮನೆ, ಸುತ್ತ ಅಡಿಕೆ ತೋಟ. ಅಪ್ಪ ಮಾರ್ಚಿನಲ್ಲಿ ತೀರಿಕೊಂಡಿದ್ದಾರೆ. ಮನೆಯಲ್ಲಿ ತಾಯಿ, ಕಾಲೇಜಿಗೆ ಹೋಗುವ ಮಗಳು. ದುಬೈಯಿಂದ ರಜೆಯಲ್ಲಿ ಬರುವ ಮಗ. ಕಥೆಯ ಕೊನೆ ಈಗ ಹೀಗಿದೆ:

“ಗಂಟೆ ಹನ್ನೆರಡಾಯಿತು. ಇಗರ್ಜಿಯ ಗಂಟೆಗಳು ಮೊಳಗಿದವು. ತಾಯಿಯ ಕಣ್ಣು ತುಂಬಿ ಬಂತು. ಗೋದಲಿಯ ಬಾಲಯೇಸುವಿನ ಮುಖದಲ್ಲಿ ಅವಳಿಗೆ ಗಂಡನ ನಗು ಕಂಡಿತು. ಎಂಥ ಕತ್ತಲೆಯೂ ಕಳೆದು ಬೆಳಕು ಬಂದೇ ಬರುತ್ತದೆ ಎಂದು ಅವಳಿಗೆ ಅರ್ಥವಾಯಿತು.”

ಇದು ಕಥೆಯಾಗಿಲ್ಲ, ಪ್ರವಚನವಾಗಿದೆ. ಭರವಸೆಯನ್ನು ಬಿಡಲು ಮನಸ್ಸಿಲ್ಲ, ಆದರೆ ಅದು ಸುಳ್ಳಾಗಿ ಕೇಳಬಾರದು. ಸೂತಕದ ವರ್ಷದಲ್ಲಿ ಹಬ್ಬದ ಮನೆ ಹೇಗಿರುತ್ತದೆ, ಸಂಭಾಷಣೆಯಲ್ಲಿ ಕೊಂಕಣಿ ಎಷ್ಟು ಇರಬಹುದು, ಇದನ್ನೂ ತಿಳಿದವರು ಹೇಳಬೇಕು.

ನೀರ್ಚಾಲು ಓದುಗ:

ಮೊದಲು ಕ್ಯಾಲೆಂಡರನ್ನು ಸರಿಯಾಗಿ ಕೂರಿಸಿಕೊಳ್ಳಿ. ನಿಮ್ಮ ಕಥೆಗೆ ಬೇಕಾದ ಏರಿಳಿತ ಅದರಲ್ಲೇ ಉಂಟು.

ಮಾರ್ಚಿನಲ್ಲಿ ಸಾವು ಎಂದರೆ ನವೆಂಬರ್ 2, ಮೃತರ ದಿನ, ಆಗಲೇ ದಾಟಿರುತ್ತದೆ. ಸಮಾಧಿಗೆ ಹೂ ಇಟ್ಟು, ಮೇಣದ ಬತ್ತಿ ಹಚ್ಚಿ, ಗುರುಗಳು ಆಶೀರ್ವದಿಸಿ ಹೋದದ್ದು ಆಗಿರುತ್ತದೆ. ಹಾಗಾಗಿ ಡಿಸೆಂಬರಿನಲ್ಲಿ ಮತ್ತೆ ಸ್ಮಶಾನದ ದೃಶ್ಯ ಹಾಕುವುದಾದರೆ ಅದಕ್ಕೆ ಬೇರೆ ಕಾರಣ ಬೇಕು. ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಬೀಳುವ ಭಾನುವಾರದಿಂದ, ಕ್ರಿಸ್ಮಸ್ಸಿಗೆ ಸಿದ್ಧವಾಗುವ ಆಗಮನ ಕಾಲ ಶುರು. ನಾಲ್ಕು ಭಾನುವಾರ, ಗುರುಗಳ ಉಡುಪು ನೇರಳೆ, ಮೂರನೆಯ ಭಾನುವಾರ ಮಾತ್ರ ಗುಲಾಬಿ ಬಣ್ಣಕ್ಕೆ ಅವಕಾಶ. ಈ ಭಾನುವಾರಗಳಲ್ಲಿ ಪೂಜೆಯ ಸ್ತುತಿಗೀತೆಯಾದ ಗ್ಲೋರಿಯಾ ಹಾಡುವುದಿಲ್ಲ. ನಡುವೆ ಡಿಸೆಂಬರ್ 8ರ ಮರಿಯಮ್ಮನ ಹಬ್ಬಕ್ಕೆ ಹಾಡುತ್ತಾರೆ, ಆಮೇಲೆ 24ರ ರಾತ್ರಿಗೇ. ಮೂರನೆಯ ಭಾನುವಾರದ ಪೂಜೆಯಲ್ಲಿ ನಿಮ್ಮ ಮಗಳು ಗ್ಲೋರಿಯಾ ಕೇಳಿ ಅತ್ತರೆ ಊರಿನ ಓದುಗ ಅಲ್ಲೇ ಪುಟ ಮಡಚುತ್ತಾನೆ. ಅದೇ ಹಾಡು ವಾರಗಟ್ಟಲೆ ಇಲ್ಲದಿದ್ದು 24ರಂದು ಒಮ್ಮೆಲೇ ಎದ್ದಾಗ ತಾಯಿಗೆ ದನಿ ಹೊರಡದಿದ್ದರೆ, ನೀವು ಒಂದು ಮಾತೂ ವಿವರಿಸಬೇಕಾಗಿಲ್ಲ.

ಗೋದಲಿಯೂ ಹಾಗೆಯೇ. ಹಲವು ಮನೆಗಳಲ್ಲಿ ಕುರಿ, ಕುರುಬ, ಮರಿಯಮ್ಮ, ಜೋಸೆಫರ ಬೊಂಬೆಗಳನ್ನು ಮೊದಲೇ ಇಟ್ಟರೂ ಶಿಶುವನ್ನು 24ರ ರಾತ್ರಿಯೇ ಇಡುವುದು. ಅಲ್ಲಿವರೆಗೆ ಹುಲ್ಲಿನ ಮೇಲೆ ಜಾಗ ಖಾಲಿ. ಹಸಿರಿಗಾಗಿ ತಟ್ಟೆಯಲ್ಲಿ ರಾಗಿಯನ್ನೋ ಭತ್ತವನ್ನೋ ಮೊಳಕೆ ಬರಿಸುತ್ತಾರೆ. ರಾಗಿಯಾದರೆ ಡಿಸೆಂಬರ್ 14–15ಕ್ಕೆ ಬಿತ್ತಬೇಕು, 24ಕ್ಕೆ ಬೆರಳುದ್ದ ಪೈರು ನಿಲ್ಲುತ್ತದೆ. ತಡವಾಗಿ ಬಿತ್ತಿದರೆ ಬರೀ ಮೊಳಕೆ. ತೀರಾ ಬೇಗ ಬಿತ್ತಿದರೆ ಹಳದಿಯಾಗಿ ಬಾಗುತ್ತದೆ. ಬಿತ್ತುವುದು ಯಾರ ಕೆಲಸವಾಗಿತ್ತು, ಈ ವರ್ಷ ಯಾರು ಬಿತ್ತಿದರು, ಬಿತ್ತಿದರೋ ಇಲ್ಲವೋ, ಇದನ್ನು ನೀವು ತೀರ್ಮಾನಿಸಿಕೊಳ್ಳಿ. 16ರಿಂದ ಒಂಬತ್ತು ದಿನದ ನೊವೇನಾ ಪ್ರಾರ್ಥನೆ ಇರುವುದರಿಂದ ಕಥೆಯನ್ನು ಆ ಒಂಬತ್ತು ದಿನಕ್ಕೇ ಕಟ್ಟಬಹುದು.

ಸಾವಾದ ವರ್ಷ ಹಲವು ಮನೆಗಳಲ್ಲಿ ನಕ್ಷತ್ರ ಕಟ್ಟುವುದಿಲ್ಲ, ಕುಸ್ವಾರ್ ಎಂಬ ಕ್ರಿಸ್ಮಸ್ ತಿಂಡಿಗಳನ್ನು ಮಾಡುವುದಿಲ್ಲ. ನೆರೆಯವರು, ನೆಂಟರು ತಟ್ಟೆ ಕಳುಹಿಸುತ್ತಾರೆ. ಆದರೆ ಇದು ಮನೆಯಿಂದ ಮನೆಗೆ ಬೇರೆ. ಮಕ್ಕಳಿರುವ ಮನೆಯಲ್ಲಿ ಅಜ್ಜಿಯೇ “ನಕ್ಷತ್ರ ಕಟ್ಟಿ” ಎನ್ನುವುದೂ ಉಂಟು. ಆದ್ದರಿಂದ ನಿಯಮವೆಂಬಂತೆ ಹೇಳದೆ, ಈ ಮನೆಯಲ್ಲಿ ಯಾರು ಬೇಡವೆಂದರು, ಯಾರಿಗೆ ಬೇಕಿತ್ತು ಎಂದು ತೋರಿಸಿ.

ಒಂದು ವಿನಂತಿ. ಬೇಳದ ಇಗರ್ಜಿ 1890ರದು, ಶೋಕಮಾತೆಗೆ ಅರ್ಪಿತವಾದದ್ದು. ದಯವಿಟ್ಟು ಅದನ್ನು ಬೊಟ್ಟು ಮಾಡಿ ತೋರಿಸಬೇಡಿ. ಬಲ್ಲವನಿಗೆ ಇಗರ್ಜಿಯ ಹೆಸರು ಬಂದರೆ ಸಾಕು.

ಗಡಿನಾಡ ಕಥೆಗಾರ್ತಿ:

ಪಯಸ್ವಿನಿ, ತೊಂದರೆ ಕೊನೆಯ ಪ್ಯಾರಾದಲ್ಲಿ ಕಾಣಿಸಿಕೊಂಡಿದೆ, ಆದರೆ ಹುಟ್ಟಿದ್ದು ಅದಕ್ಕಿಂತ ಮೊದಲೇ ಇರಬೇಕು. ಕೊನೆಯಲ್ಲಿ ತಾಯಿಗೆ “ಅರ್ಥವಾಯಿತು” ಎಂದು ಬರೆಯಬೇಕಾಗಿ ಬಂದದ್ದು ಯಾಕೆ? ಹಿಂದಿನ ಪುಟಗಳಲ್ಲಿ ಅವಳಿಗೆ ಕೆಲಸ ಕೊಟ್ಟಿಲ್ಲ, ದುಃಖವನ್ನಷ್ಟೇ ಕೊಟ್ಟಿದ್ದೀರಿ ಎಂದು ನನ್ನ ಊಹೆ. ಸುಮ್ಮನೆ ಕೂತು ಅಳುವ ಪಾತ್ರವನ್ನು ಕೊನೆಗೆ ಎಬ್ಬಿಸಲು ಲೇಖಕರೇ ಕೈಹಾಕಬೇಕಾಗುತ್ತದೆ.

ಡಿಸೆಂಬರ್ ಎಂದರೆ ನಮ್ಮಲ್ಲಿ ಅಡಿಕೆ ಕೊಯ್ಲು. ಹಣ್ಣಡಿಕೆ ಅಂಗಳದಲ್ಲಿ ಒಣಗಲು ನಲವತ್ತು ದಿನದ ಬಿಸಿಲಾದರೂ ಬೇಕು. ಕೊಯ್ಯುವವನ ಫೋನ್ ನಂಬರು ಇರುವುದು ಅಪ್ಪನ ಮೊಬೈಲಿನಲ್ಲಿ, ಆ ಮೊಬೈಲನ್ನು ಮಾರ್ಚಿನಿಂದ ಯಾರೂ ಚಾರ್ಜ್ ಮಾಡಿಲ್ಲ. ಮರದಲ್ಲಿ ಹಣ್ಣು ಉದುರುತ್ತಿದೆ. ಮೊಬೈಲು ಹಚ್ಚಲೇಬೇಕು. ಇಷ್ಟು ಇಟ್ಟರೆ ದುಃಖಕ್ಕೆ ಕೈಕಾಲು ಬಂತು, ಕಥೆ ತಾನಾಗಿ ಮುಂದೆ ಹೋಗುತ್ತದೆ. “ದುಃಖ”, “ನೋವು”, “ಶೂನ್ಯ” ಈ ಮೂರೂ ಪದಗಳನ್ನು ಇಡೀ ಕರಡಿನಲ್ಲಿ ಹುಡುಕಿ ಅಳಿಸಿ. ಅಳಿಸಿದ ಜಾಗ ಪೊಳ್ಳಾಗಿ ಕಂಡರೆ ಅಲ್ಲೊಂದು ವಸ್ತು ಅಥವಾ ಕೆಲಸ ಬೇಕಿತ್ತು ಎಂದರ್ಥ.

ಇನ್ನೊಂದು, ನನಗೆ ಮುಖ್ಯವೆನಿಸುವುದು: ಮೂವರ ದುಃಖವೂ ಒಂದೇ ಹಂತದಲ್ಲಿರಲು ಸಾಧ್ಯವಿಲ್ಲ. ತಾಯಿ ಮಗಳಿಗೆ ಒಂಬತ್ತು ತಿಂಗಳು ಕಳೆದಿದೆ. ಖಾಲಿ ಕುರ್ಚಿಯಲ್ಲಿ ಒಗೆದ ಬಟ್ಟೆ ಇಡುವಷ್ಟು ಅವರು ಒಗ್ಗಿದ್ದಾರೆ. ಮಗನಿಗೆ ಅಪ್ಪ ಸಾಯುವುದು ಅವನು ಮನೆಯ ಮೆಟ್ಟಿಲು ಹತ್ತಿದ ದಿನ. ಆ ಕುರ್ಚಿಯ ಮೇಲೆ ಬಟ್ಟೆ ಕಂಡು ಅವನು ಸಿಟ್ಟಾಗುತ್ತಾನೆ. ತಂಗಿಗೂ ಸಿಟ್ಟು ಬರುತ್ತದೆ: ಆಸ್ಪತ್ರೆ, ಬ್ಯಾಂಕು, ತೋಟ ಎಲ್ಲ ಅವಳೇ ನೋಡಿದವಳು. ಸಾವಿನ ಮನೆಯಲ್ಲಿ ಜಗಳ ಆಗುತ್ತದೆ, ನಗುವೂ ಬರುತ್ತದೆ, ಆಸ್ತಿಯ ಮಾತೂ ಬರುತ್ತದೆ. ಇವನ್ನು ಬಿಟ್ಟು ಬರೀ ಪವಿತ್ರ ಮೌನ ಇಟ್ಟರೆ ಭರವಸೆ ಬಂದಾಗ ಅದಕ್ಕೆ ತಾಗಲು ಏನೂ ಇರುವುದಿಲ್ಲ.

ಕೆಲವು ದಾರಿಗಳು ಹಿಡಿಯಬೇಡಿ. ಕಪಾಟಿನಲ್ಲಿ ಸಿಗುವ ಅಪ್ಪನ ಕೊನೆಯ ಪತ್ರ, ಕನಸಿನಲ್ಲಿ ಬಂದು ಮಾತಾಡುವುದು, ಅದೇ ರಾತ್ರಿ ಹುಟ್ಟುವ ಮಗು, ಬಾಗಿಲು ತಟ್ಟುವ ಅಪರಿಚಿತ, ಗುರುಗಳ ಬಾಯಲ್ಲಿ ಉಪದೇಶ. ಇವೆಲ್ಲ ಭರವಸೆಯನ್ನು ಹೊರಗಿನಿಂದ ತಂದು ಪಾತ್ರದ ಕೈಗಿಡುತ್ತವೆ. ಭರವಸೆ ಎಂದರೆ ಸಾವಿನೊಂದಿಗೆ ನಿಂತುಹೋದ ಒಂದು ಸಣ್ಣ ಕೆಲಸವನ್ನು ಪಾತ್ರವೇ ಮತ್ತೆ ಕೈಗೆತ್ತಿಕೊಳ್ಳುವುದು. ಅದು ಅವಳಿಗೆ ಸುಲಭವಾಗಿರಕೂಡದು. ಮುಗಿದ ಮೇಲೆ ದುಃಖ ಮೊದಲಿನಷ್ಟೇ ಇರಬೇಕು.

ಪದಗಳ ಲೆಕ್ಕ ಸುಮಾರು ಹೀಗಿರಲಿ: ಮೊಬೈಲು, ತೋಟದ ತುರ್ತು 500, ಮಗ ಬಂದ ಮೇಲಿನ ಜಗಳ 600, ಇದೇ ಕಥೆಯ ನಡುಗಂಬ, ತಟ್ಟೆ ಬರುವುದು, ಗೋದಲಿ 350, ಪೂಜೆ ಮತ್ತು ಮುಕ್ತಾಯ 350ಕ್ಕಿಂತ ಹೆಚ್ಚು ಬೇಡ. ನಿಮ್ಮ ಮುಕ್ತಾಯದ ಬದಲು ಹೀಗೆ ನೋಡಿ:

“ಪೂಜೆ ಮುಗಿಸಿ ಬರುವಾಗ ಒಂದೂವರೆ. ಪಕ್ಕದ ಮನೆಯಿಂದ ಬಂದ ಕುಸ್ವಾರಿನ ತಟ್ಟೆ ಮೂರು ದಿನದಿಂದ ಮುಚ್ಚಿದಂತೆಯೇ ಇತ್ತು. ಮಾಂಯ್ ಸೀರೆ ಬದಲಿಸದೆ ಅಡುಗೆಮನೆಗೆ ಹೋದಳು. ನೆವ್ರ್ಯೊ ಒಂದು ಡಬ್ಬಿಗೆ, ಕಿಡಿಯೊ ಇನ್ನೊಂದಕ್ಕೆ. ತಟ್ಟೆ ತೊಳೆದು ಒರೆಸಿದಳು.
‘ಖಾಲಿ ತಟ್ಟೆ ಹೇಗೆ ಹಿಂದೆ ಕೊಡುವುದು?’ ಎಂದಳು. ‘ಸಕ್ಕರೆ ಉಂಟಾ ನೋಡು.’
‘ಉಂಟು. ಅರ್ಧ ಕಿಲೊ ಇರಬಹುದು.’
‘ಸಾಕು. ಬೆಳಿಗ್ಗೆ ನಾನೇ ಕೊಟ್ಟು ಬರುತ್ತೇನೆ.’”

ಒಂಬತ್ತು ತಿಂಗಳಿಂದ ತಾಯಿ ನೆರೆಮನೆಗೆ ಹೋಗಿಲ್ಲ ಎಂಬುದನ್ನು ಎರಡನೆಯ ಪುಟದಲ್ಲಿ ಅರ್ಧ ವಾಕ್ಯದಲ್ಲಿ ಹೇಳಿಟ್ಟಿರಿ. ಅದಿಲ್ಲದಿದ್ದರೆ ಈ ಮುಕ್ತಾಯ ಬರೀ ಸಕ್ಕರೆಯ ಮಾತಾಗುತ್ತದೆ.

ಪಯಸ್ವಿನಿ:

ಇಬ್ಬರಿಗೂ ತುಂಬ ಕೃತಜ್ಞತೆ. ಕುರ್ಚಿಯ ಮೇಲಿನ ಬಟ್ಟೆ ಕಥೆಗೆ ಬೇಕೇ ಬೇಕು, ಅಕ್ಕ. ಎರಡು ಸಂಶಯ. ಮಗ ಅಂತ್ಯಕ್ರಿಯೆಗೆ ಬರಲಿಲ್ಲ ಎಂಬುದಕ್ಕೆ “ರಜೆ ಸಿಗಲಿಲ್ಲ” ಎಂದಿಟ್ಟಿದ್ದೇನೆ, ಸಪ್ಪೆ ಎನಿಸುತ್ತದೆ. ಮತ್ತೆ ಭಾಷೆಯ ವಿಷಯ ಇನ್ನೂ ಉಳಿಯಿತು.

ಉಪ್ಪಳ ನಿವಾಸಿ:

ಮಾರ್ಚ್ ಎಂದಿದ್ದೀರಿ, ವರ್ಷ ಹೇಳಿಲ್ಲ. 2020 ಎಂದು ಇಟ್ಟರೆ ಕಾರಣ ತಾನಾಗಿ ಸಿಗುತ್ತದೆ. ಆ ಮಾರ್ಚ್ ಕೊನೆಯ ವಾರ ಅಂತಾರಾಷ್ಟ್ರೀಯ ವಿಮಾನಗಳು ನಿಂತಿದ್ದವು. ತಲಪಾಡಿಯಲ್ಲಿ ಕೇರಳ–ಕರ್ನಾಟಕ ಗಡಿ ಮುಚ್ಚಿ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ದಾಟಲಾಗದೆ ಕಷ್ಟಪಟ್ಟರು, ಕೆಲವರು ತೀರಿಕೊಂಡರು. ಮಗ ಬರಲಾಗಲಿಲ್ಲ, ಅಪ್ಪ ಆಸ್ಪತ್ರೆಗೆ ತಲುಪಲಿಲ್ಲ, ಮಣ್ಣಿಗೆ ಬೆರಳೆಣಿಕೆಯ ಜನ. ಡಿಸೆಂಬರಿಗೆ ದುಬೈ ವಿಮಾನಗಳು ಮತ್ತೆ ಓಡುತ್ತಿದ್ದವು, ಮಗ ಬರಬಹುದು.

ಆದರೆ 2020 ಆರಿಸಿದರೆ ಅದರ ಭಾರವನ್ನೂ ಹೊರಬೇಕು. ಇಗರ್ಜಿಯಲ್ಲಿ ಮಾಸ್ಕು, ದೂರ ದೂರ ಕೂರುವುದು ಬರಬೇಕು. ಕ್ಯಾರಲ್ ತಂಡ ಅಂಗಳ ತುಂಬಿ ಹಾಡುವ ದೃಶ್ಯ ಇದ್ದರೆ ತೆಗೆಯಿರಿ. ತಾಯಿಗೆ ಗಡಿಯ ಮೇಲೆ ಸಿಟ್ಟಿರುತ್ತದೆ, ಅದು 1,800 ಪದಗಳ ಕಥೆಯನ್ನು ನುಂಗಿಬಿಡಬಹುದು. ಒಂದೇ ಒಂದು ಮಾತಿನಲ್ಲಿ, ಅದೂ ಜಗಳದ ನಡುವೆ, ತಂಗಿಯ ಬಾಯಿಂದ ಬರಲಿ. ಗೇರು ತೋಟಗಳಿಗೆ ಸಿಂಪಡಿಸಿದ ಎಂಡೋಸಲ್ಫಾನ್ ಕೀಟನಾಶಕದ ಸಂಕಟಕ್ಕೂ ಇದೇ ಮಾತು: ಕಾಸರಗೋಡಿನ ಕಥೆ ಎಂದ ಮಾತ್ರಕ್ಕೆ ಅದನ್ನು ಹಿನ್ನೆಲೆಯ ಬಣ್ಣವಾಗಿ ಬಳಿಯಬಾರದು, ಆ ಜನರಿಗೆ ಅದರಿಂದ ಅನ್ಯಾಯವಾಗುತ್ತದೆ. ಹಳೆಯ ವರ್ಷ ಆರಿಸಿದರೆ ಇನ್ನೊಂದು ಎಚ್ಚರ: ಕಣ್ಣೂರು ವಿಮಾನ ನಿಲ್ದಾಣ ತೆರೆದದ್ದು 2018ರ ಡಿಸೆಂಬರಿನಲ್ಲಿ. ಅದಕ್ಕೆ ಮೊದಲಾದರೆ ಮಗನನ್ನು ಮಂಗಳೂರಿನಲ್ಲೇ ಇಳಿಸಿ.

ಭಾಷೆಗೆ: ಮನೆಯೊಳಗಿನ ಮಾತನ್ನು ನಮ್ಮ ಕಡೆಯ ಕನ್ನಡದಲ್ಲೇ ಬರೆಯಿರಿ. ಕೊಂಕಣಿ ಕರೆಯುವ ಮಾತಿಗೆ, ತಿಂಡಿಯ ಹೆಸರಿಗೆ, ಪ್ರಾರ್ಥನೆಯ ಒಂದು ಸಾಲಿಗೆ ಸಾಕು. ಪುಟಕ್ಕೆ ನಾಲ್ಕೈದು ಪದ ದಾಟಿದರೆ ಓದು ಎಡವುತ್ತದೆ. ಕಂಸದಲ್ಲಿ ಅರ್ಥ ಕೊಡಬೇಡಿ; ಫೋರ್ಕಿನ ಬೆನ್ನ ಮೇಲೆ ಹಿಟ್ಟನ್ನು ಸುರುಳಿ ಮಾಡುವ ಕೈ ತೋರಿಸಿದರೆ ಕಿಡಿಯೊ ಏನೆಂದು ಗೊತ್ತಾಗುತ್ತದೆ. ಅಡಿಕೆ ಕೊಯ್ಯುವವನೊಡನೆ ತುಳು, ಬಸ್ಸಿನಲ್ಲಿ ಮಲಯಾಳ ಎಂದು ಸೂಚಿಸಿದರೆ ಊರು ಕಾಣುತ್ತದೆ. ವಾಡೆಯ ಗುರ್ಕಾರನನ್ನು, ಎಂದರೆ ಇಗರ್ಜಿಯ ಆ ವಠಾರದ ಮುಖ್ಯಸ್ಥನನ್ನು, ಒಮ್ಮೆ ಮನೆಗೆ ಕರೆಸಿ. ತಟ್ಟೆ ತರುವವನೂ, ತೋಟದ ವಿಚಾರ ಕೇಳುವವನೂ ಅವನೇ ಆದರೆ ಒಂದು ಪಾತ್ರ ಉಳಿಯುತ್ತದೆ.

ಪಯಸ್ವಿನಿ:

2020 ಎಂದೇ ಇಡುತ್ತೇನೆ. ಕೊನೆಯ ಪ್ರಶ್ನೆ: ಕಥೆಯನ್ನು 24ರ ರಾತ್ರಿ ದಾಟಿಸಿ ಕೊಂಡೊಯ್ಯಬಹುದೇ? ಗಂಟೆ ಮೊಳಗಿದಲ್ಲಿಗೇ ನಿಲ್ಲಿಸುವುದು ಸಾಕಾಗಿದೆ.

ನೀರ್ಚಾಲು ಓದುಗ:

ಧಾರಾಳವಾಗಿ. ಡಿಸೆಂಬರ್ 28 ಇದೆಯಲ್ಲ. ಹೆರೋದ ರಾಜ ಕೊಲ್ಲಿಸಿದ ಬೆತ್ಲೆಹೇಮಿನ ಹಸುಳೆಗಳ ನೆನಪಿನ ದಿನ. ಅಂದು ಓದುವುದು ಮತ್ತಾಯನ ಸುವಾರ್ತೆಯ 2ನೇ ಅಧ್ಯಾಯ. ಮಕ್ಕಳಿಗಾಗಿ ಅಳುವ ರಾಹೇಲಳು ಅದರಲ್ಲಿ ಬರುತ್ತಾಳೆ, ಸಮಾಧಾನ ಬೇಡವೆನ್ನುತ್ತಾಳೆ. ನಕ್ಷತ್ರ, ಗೋದಲಿ ಇನ್ನೂ ಕಟ್ಟಿದಂತೆಯೇ ಇರುವಾಗ, ಹಬ್ಬ ಶುರುವಾಗಿ ಮೂರೇ ದಿನಕ್ಕೆ, ಇಗರ್ಜಿ ಈ ಭಾಗವನ್ನು ಓದಿಸುತ್ತದೆ. ನಿಮ್ಮ ಕಥೆಯ ತಾಯಿಗೆ ಸಮಾಧಾನ ಆಗಲೇಬೇಕೆಂಬ ಒತ್ತಾಯ ಹಬ್ಬಕ್ಕೇ ಇಲ್ಲ ಎಂದಾಯಿತು.

2020ರಲ್ಲಿ 28 ಸೋಮವಾರ. ಭಾನುವಾರದ ಜನ ಇರುವುದಿಲ್ಲ, ಬೆಳಗಿನ ಪೂಜೆಗೆ ಕೆಲವೇ ಮಂದಿ. ತಾಯಿ ಒಬ್ಬಳೇ ಹೋಗಿ ಕೇಳಿ, ಬರುವ ದಾರಿಯಲ್ಲಿ ಸಕ್ಕರೆಯ ತಟ್ಟೆ ಕೊಟ್ಟು ಬರಲಿ. ಹಾಗೆ ಮಾಡುವುದಾದರೆ 24ರ ಪೂಜೆಯನ್ನು ನೂರು ಪದಕ್ಕೆ ಇಳಿಸಿ, ಇಲ್ಲವೆಂದರೆ ಎರಡು ಪೂಜೆಯ ದೃಶ್ಯಗಳು ಒಂದನ್ನೊಂದು ಕೊಲ್ಲುತ್ತವೆ. ರಾಹೇಲಳ ಮಾತು ಓದುವವರ ದನಿಯಲ್ಲಿ ಒಂದೇ ಸಾಲು ಬರಲಿ. ಅದಕ್ಕೆ ತಾಯಿ ಏನೆಂದುಕೊಂಡಳು ಎಂದು ಬರೆಯಬೇಡಿ. ಮಗನ ವಾಪಸಿನ ಟಿಕೆಟನ್ನು ಮರುದಿನಕ್ಕೆ, 29ಕ್ಕೆ ಇಟ್ಟರೆ ಅವಳು ಮನೆಗೆ ಬರುವಾಗ ಪೆಟ್ಟಿಗೆ ತುಂಬುವ ಕೆಲಸ ನಡೆಯುತ್ತಿರುತ್ತದೆ, ಡಬ್ಬಿಯ ಕಿಡಿಯೊ ಯಾರಿಗೆ ಎಂಬುದೂ ತೀರ್ಮಾನವಾಗುತ್ತದೆ.