ಜಪಾನಿನ ಉಕಿಯೊ-ಎ ಅಚ್ಚುಚಿತ್ರಗಳ ಸಣ್ಣ ಮುದ್ರೆಗಳನ್ನು ಓದುವುದು ಹೇಗೆ?

ಪ್ರಶ್ನೆ:
19ನೇ ಶತಮಾನದ ಕಲಾವಿದ ಕುನಿಯೊಶಿಯ ಎರಡು ಮರದಚ್ಚು ಚಿತ್ರಗಳ ಸ್ಕ್ಯಾನ್ ನೋಡುತ್ತಿದ್ದೇನೆ. ಒಂದರಲ್ಲಿ ಒಂದೇ ದುಂಡು ಮುದ್ರೆ. ಇನ್ನೊಂದರಲ್ಲಿ ಎರಡು ದುಂಡು, ಜೊತೆಗೆ ಮೊಟ್ಟೆಯಾಕಾರದ್ದೊಂದು. ಇವು ಪ್ರಕಾಶಕರದೋ, ಸರ್ಕಾರದ್ದೋ? ಮತ್ತೆ, ಎಲ್ಲಿ ನೋಡಿದರೂ ವೇಶ್ಯೆಯರು, ಕಬುಕಿ ನಾಟಕದ ನಟರು. ಎದೊ ಕಾಲದ (1603–1868) ಸಮಾಜ ಅಷ್ಟು ಭೋಗಪ್ರಿಯವಾಗಿತ್ತೆ?

ಉತ್ತರ 1:
ಸೆನ್ಸಾರ್ ಮುದ್ರೆಗಳು. ದುಂಡು ಮುದ್ರೆಯೊಳಗೆ ‘ಕಿವಾಮೆ’ (極) ಅಕ್ಷರವಿದ್ದರೆ 1791ರಿಂದ 1842ರೊಳಗಿನದು. ಪರೀಕ್ಷಕನ ಹೆಸರಿದ್ದರೆ ಲೆಕ್ಕ ಬೇರೆ: ಒಂದೇ ಹೆಸರು 1843–47, ಎರಡು ಹೆಸರು 1847–52. ನೀವು ಹೇಳುವ ಮೊಟ್ಟೆಯಾಕಾರದ್ದು ದಿನಾಂಕ ಮುದ್ರೆ. ಎರಡು ಹೆಸರಿನ ಜೊತೆ ಅದೂ ಇದ್ದರೆ 1852–53. ಅದರಲ್ಲಿ ವರ್ಷದ ಪ್ರಾಣಿಚಿಹ್ನೆ, ತಿಂಗಳ ಸಂಖ್ಯೆ ಇರುತ್ತವೆ. ಇಲಿ ಮತ್ತು 3 ಎಂದಿದ್ದರೆ 1852ರ ಮೂರನೇ ತಿಂಗಳು. ಪ್ರಾಣಿ ಹನ್ನೆರಡು ವರ್ಷಕ್ಕೊಮ್ಮೆ ಮರಳುವುದರಿಂದ 1864 ಕೂಡ ಇಲಿಯೇ. ಆದರೆ ಆಗ ಅನುಮತಿ, ದಿನಾಂಕ ಎರಡೂ ಒಂದೇ ಮುದ್ರೆಯಲ್ಲಿ ಸೇರಿರುತ್ತವೆ. ಪ್ರಕಾಶಕನ ಗುರುತು ಬೇರೆಯೇ ಇರುತ್ತದೆ.

ಉತ್ತರ 2:
ಎರಡನೇ ಪ್ರಶ್ನೆಗೆ: ‘ಸಮಾಜದ ಕನ್ನಡಿ’ ಎಂದು ಓದಿದರೆ ದಾರಿ ತಪ್ಪುತ್ತೀರಿ. ಬಂಡವಾಳ ಹಾಕುತ್ತಿದ್ದವನು ಪ್ರಕಾಶಕ. ಕಲಾವಿದ ಬರೆದುಕೊಟ್ಟದ್ದನ್ನು ಕೆತ್ತುವವನು, ಅಚ್ಚು ಹಾಕುವವನು ಬೇರೆ ಬೇರೆ. ಮಾರಾಟವಾಗುವುದು ಮತ್ತು ಅನುಮತಿ ಸಿಗುವುದು, ಇವೆರಡರ ನಡುವೆ ಚಿತ್ರ ಹುಟ್ಟುತ್ತಿತ್ತು. ಶೋಗುನನ (ದೇಶ ಆಳುತ್ತಿದ್ದ ಸೇನಾಧಿಪತಿಯ) ಸರ್ಕಾರದ ಮೌಲ್ಯವೇನೆಂದು ನಿಷೇಧಗಳೇ ಹೇಳುತ್ತವೆ. ವೇಶ್ಯೆಯರಲ್ಲದ ಹೆಂಗಸರ ಹೆಸರು ಚಿತ್ರದಲ್ಲಿ ಬರಬಾರದೆಂದು 1793ರಲ್ಲಿ ಆಜ್ಞೆಯಾಯಿತು. ಕಲಾವಿದ ಉತಾಮಾರೊ ಚಹಾ ಅಂಗಡಿಯ ಒಕಿತಾಳ ಹೆಸರನ್ನು ಮೂಲೆಯಲ್ಲಿ ಚಿತ್ರದೊಗಟಾಗಿ ಇಟ್ಟ. 1796ರಲ್ಲಿ ಅದಕ್ಕೂ ತಡೆ ಬಿತ್ತು. 1804ರಲ್ಲಿ, 16ನೇ ಶತಮಾನದ ಆಳ್ವಿಕೆಗಾರ ಹಿದೆಯೊಶಿಯನ್ನು ಚಿತ್ರಿಸಿದ್ದಕ್ಕಾಗಿ ಉತಾಮಾರೊನ ಕೈಗೇ ಕೋಳ ಬಿತ್ತು. 1842ರ ತೆಂಪೊ ಸುಧಾರಣೆಯಂತೂ (ಸರ್ಕಾರದ ಮಿತವ್ಯಯದ ಆಜ್ಞೆಗಳು) ನಟರನ್ನೂ ವೇಶ್ಯೆಯರನ್ನೂ ನಿಷೇಧಿಸಿ, ಬೆಲೆಗೂ ಬಣ್ಣಗಳ ಸಂಖ್ಯೆಗೂ ಮಿತಿ ಹಾಕಿತು. ಕುನಿಯೊಶಿಯ ‘ಗೋಡೆ ಗೀಚು’ ಸರಣಿ ನೋಡಿ. ನಟರ ಮುಖಗಳನ್ನು ಪೋಕರಿ ಹುಡುಗರು ಗೋಡೆಗೆ ಗೀಚಿದಂತೆ ಬರೆದಿದ್ದಾನೆ, ಒಂದರ ನಡುವೆ ಕುಣಿಯುವ ಬೆಕ್ಕೂ ಇದೆ. ಹೆಸರಿಲ್ಲ, ಆದರೆ ಮೂಗು-ಹುಬ್ಬು ನೋಡಿದರೆ ಕಬುಕಿ ಅಭಿಮಾನಿಗೆ ಯಾರೆಂದು ತಕ್ಷಣ ಗೊತ್ತಾಗುತ್ತಿತ್ತು. ಭೋಗಕ್ಕಿಂತ ಈ ಚೇಷ್ಟೆಯೇ ಪಟ್ಟಣಿಗರ ಮೌಲ್ಯ ಎನ್ನುತ್ತೇನೆ.

ಉತ್ತರ 3:
ಮೊದಲ ಉತ್ತರಕ್ಕೆ ಒಂದು ಎಚ್ಚರಿಕೆ. ಮುದ್ರೆಯನ್ನೂ ರೇಖಾಫಲಕದಲ್ಲೇ, ಅಂದರೆ ಚಿತ್ರದ ಗೆರೆಗಳಿರುವ ಮರದ ಹಲಗೆಯಲ್ಲೇ, ಕೆತ್ತುತ್ತಿದ್ದರು. ಹಾಗಾಗಿ ಅದು ಅನುಮತಿಯ ಕಾಲ ಹೇಳುತ್ತದೆಯೇ ಹೊರತು ನಿಮ್ಮ ಹಾಳೆ ಅಚ್ಚಾದ ಕಾಲವನ್ನಲ್ಲ. ಮರುಕೆತ್ತನೆಯ ಪ್ರತಿಗಳಲ್ಲೂ ಅದೇ ಮುದ್ರೆ ಇರಬಹುದು. ಕೂದಲಂಚಿನ ಗೆರೆಗಳನ್ನು ದೊಡ್ಡದು ಮಾಡಿ ನೋಡಿ. ಸವೆದ ಫಲಕದಲ್ಲಿ ಅವು ದಪ್ಪಗಾಗಿ ಅಲ್ಲಲ್ಲಿ ತುಂಡಾಗಿರುತ್ತವೆ. ಉತಾಮಾರೊನ ಹಾಳೆಯಲ್ಲಿ ಪ್ರಶ್ಯನ್ ನೀಲಿ ಕಂಡರೆ ಅದು ತಡವಾದ ಪ್ರತಿ: ಅವನು ತೀರಿದ್ದು 1806ರಲ್ಲಿ, ಆ ನೀಲಿ ಅಚ್ಚುಚಿತ್ರಗಳಲ್ಲಿ ವ್ಯಾಪಕವಾದದ್ದು 1830ರ ಸುಮಾರಿಗೆ. ಅಂಚು ಕತ್ತರಿಸಿದ ಹಾಳೆಯಲ್ಲಿ ಮುದ್ರೆಯೇ ಹೋಗಿರಬಹುದು, ಆದ್ದರಿಂದ ಅಳತೆಯನ್ನೂ ನೋಡಿ: ಓಬಾನ್ ಎಂಬ ಸಾಮಾನ್ಯ ಅಳತೆಯ ಹಾಳೆ ಸುಮಾರು 39×26 ಸೆಂ.ಮೀ. ಇರಬೇಕು.